ಐದನೆಯ ಚಮಚ

೧

ಅಕ್ಕಿ ತೊಳೆಯುವ ಮೊದಲು ದಾಲ್ಲೆ ಅದರಿಂದ ಒಂದೊಂದೇ ಚಮಚ ತೆಗೆದು ಮೂಲೆಯ ಮಣ್ಣಿನ ಜಾಡಿಗೆ ಹಾಕುತ್ತಾಳೆ. ಅಜ್ಜಿಗೆ ಒಂದು. ಅಪ್ಪನಿಗೆ ಒಂದು. ಅಮ್ಮನಿಗೆ, ಆಮೇಲೆ ತನಗೆ. ತುಟಿ ಅಲುಗುವುದಿಲ್ಲ, ಹೆಸರುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಬಾಗಿಲ ಕಡೆ ಒಮ್ಮೆ ನೋಡಿ, ಇನ್ನೂ ಒಂದು ಚಮಚ ಹಾಕುತ್ತಾಳೆ.

(ಕಥೆ ಹೀಗೆ ಶುರುವಾಗಬಹುದೇ? ಮೊದಲು "ವಿಶ್ವವೆಲ್ಲ ಒಂದೇ" ಎಂದು ಶುರು ಮಾಡಿದ್ದೆ. ಓದಿ ನೋಡಿದಾಗ ನನಗೇ ಆಕಳಿಕೆ ಬಂತು. ವಿಶ್ವವನ್ನು ಹೊಡೆದುಹಾಕಿ ಚಮಚವನ್ನು ಉಳಿಸಿಕೊಂಡೆ.)

೨

ಗೊಚಾಂಗ್ ಊರಿನ ನಮ್ಮ ಓಣಿಯಲ್ಲಿ ದೇವರಿಗೆ ಹನುಲ್ ಎನ್ನುತ್ತೇವೆ. ಹನುಲ್ ಎಂದರೆ ಮೇಲೆಲ್ಲೋ ಕೂತವನಲ್ಲ. ಅಕ್ಕಿ, ಅಕ್ಕಿ ತಿನ್ನುವ ಬಾಯಿ, ಪಾತ್ರೆ ತೊಳೆದ ನೀರು, ಆ ನೀರು ಕುಡಿಯುವ ನೆಲ, ಎಲ್ಲ ಸೇರಿ ಒಂದೇ ಹನುಲ್. ಅನ್ನ ಮಾಡುವಾಗ ಮನೆಯ ಒಬ್ಬೊಬ್ಬರ ಹೆಸರಿಗೂ ಒಂದು ಚಮಚ ಎತ್ತಿಟ್ಟು, ಜಾಡಿ ತುಂಬಿದ ಮೇಲೆ ಪ್ರಾರ್ಥನಾ ಮಂದಿರಕ್ಕೆ ಕೊಡುವುದು ಪದ್ಧತಿ. ನಾಲ್ವರ ಮನೆಯ ಜಾಡಿ ತುಂಬಲು ಒಂದು ತಿಂಗಳು ಬೇಕು. ಈ ಸಲ ಆರು ದಿನ ಮೊದಲೇ ತುಂಬಿತು.

"ದಾಲ್ಲೆ, ಬಾರೇ ಇಲ್ಲಿ," ಅಂದಳು ಅಜ್ಜಿ ಬೊಂಗಿಮ್. "ಈ ಮನೇಲಿ ಐದನೇ ಬಾಯಿ ಯಾರದ್ದು?"

ದಾಲ್ಲೆ ಚಮಚವನ್ನೇ ನೋಡುತ್ತ ನಿಂತಳು.

೨ (ಮತ್ತೆ)

ಓದುಗರೇ, ಇಪ್ಪತ್ತೊಂದರ ಹುಡುಗಿ ಗುಟ್ಟಾಗಿ ಅಕ್ಕಿ ಎತ್ತಿಡುತ್ತಾಳೆ ಎಂದ ಕೂಡಲೇ ನಿಮ್ಮ ತಲೆಗೆ ಏನು ಬಂತೋ ನನಗೂ ಅದೇ ಬಂತು. ತೋಫು ಮಾರುವವನೊಬ್ಬನನ್ನು ಸೃಷ್ಟಿಸಿದೆ. ಅಗಲ ಭುಜ, ಕೆನ್ನೆಯಲ್ಲಿ ಗುಳಿ, ಸೈಕಲ್ಲು.

"ಯಾರಿವನು?" ಅಂದಳು ದಾಲ್ಲೆ.

"ನಿನ್ನ ಹೀರೋ."

"ನಂಗ್ಯಾಕೆ? ನಿಂಗೆ ಬೇಕಿದ್ರೆ ನೀನೇ ಇಟ್ಕೋ."

(ಇಟ್ಟುಕೊಂಡೆ. ಬೇರೆ ಕಥೆಗೆ.)

೩

ಐದನೆಯ ಚಮಚ ತೀರಿಕೊಂಡ ತಾತನಿಗೆ ಎಂದು ಇಲ್ಲಿ ಬರೆದಿದ್ದೆ. ಅಜ್ಜಿ ಓದಿಸಿ ಕೇಳಿದಳು. "ಆ ಮನುಷ್ಯ ಒಂದು ಚಮಚಕ್ಕೆ ಸುಮ್ನಾಗೋನಾ? ಹರಿದು ಹಾಕು ಅದನ್ನ!"

ಹರಿದೆ.

೪

ಸರಿ, ನಿಜ ಹೇಳುತ್ತೇನೆ. ಐದನೆಯ ಚಮಚ ಮಾಲ್ಬುನ್ ಚಿಕ್ಕಜ್ಜಿಯದು. ಅಜ್ಜಿಯ ಒಡಹುಟ್ಟಿದ ತಂಗಿ. ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ನಡುವೆ ಎದೆಯೆತ್ತರದ ಗೋಡೆ.

ಪಾತ್ರೆ ತೊಳೆದ ನೀರನ್ನು ದೂರಕ್ಕೆ ಎರಚಬಾರದು, ಬಗ್ಗಿ ಮೆಲ್ಲಗೆ ಸುರಿಯಬೇಕು, ನೆಲಕ್ಕೆ ನೋವಾಗುತ್ತದೆ ಎನ್ನುವವರು ನಾವು. ಮೂರು ವರ್ಷದ ಹಿಂದೆ ಚಿಕ್ಕಜ್ಜಿ ಸೊಂಟ ನೋವೆಂದು ನಿಂತಲ್ಲಿಂದಲೇ ನೀರು ಎರಚಿಬಿಟ್ಟಳು.

"ಹನುಲ್ ಮುಖಕ್ಕೇ ಎರಚಿದ್ಯಲ್ಲೇ!" ಎಂದು ಅಜ್ಜಿ ಕೂಗಿದಳು.

"ನಿನ್ನ ನಾಲಿಗೆ ಅದಕ್ಕಿಂತ ಮುಂಚೇನೇ ಎರಚಿದೆ, ಅಕ್ಕಾ!"

ಅಷ್ಟೇ. ಅಂದಿನಿಂದ ಮಾತಿಲ್ಲ. ನೆಲಕ್ಕೆ ನೋವಾಯಿತೆಂದು ತಂಗಿಯನ್ನು ನೋಯಿಸಿದ ಮನೆ ನಮ್ಮದು. (ನಮ್ಮದು ಅಂದೆನೇ? ದಾಲ್ಲೆಯದು.)

ಆ ಕಡೆಯಿಂದ ದಿನವೂ ಒಂದೇ ಬಟ್ಟಲು ಇಡುವ ಸದ್ದು ಕೇಳುತ್ತದೆ. ಅದನ್ನು ಕೇಳಿ ಕೇಳಿ ದಾಲ್ಲೆ ಐದನೆಯ ಚಮಚ ಶುರು ಮಾಡಿದಳು. ಈಗ ಹೆಸರು ಹೇಳಿದರೆ ಅಜ್ಜಿ ಆ ಅಕ್ಕಿಯನ್ನು ಕೋಳಿಗಳಿಗೆ ಚೆಲ್ಲಿ, ಗೋಡೆಯನ್ನು ಇನ್ನೂ ಎತ್ತರಿಸಿದರೆ?

"ಹೇಳಿಬಿಡೇ," ಎಂದೆ ನಾನು.

"ನೀನೇ ಬರಿ."

"ನಾನು ಬರೆದ್ರೆ ನೀನು ಹೇಳಿದ ಹಾಗೇ ಅಲ್ವಾ?"

"ಗೊತ್ತು. ಅದಕ್ಕೇ ನೀನು ಮೂರು ದಿನದಿಂದ ಪೆನ್ನು ಕಚ್ಕೊಂಡು ಕೂತಿರೋದು. ನಂಗಿಂತ ಪುಕ್ಕಲಿ ನೀನು."

೫

"ಚಿಕ್ಕಜ್ಜೀದು."

(ಬರೆದೆ.)

ಅಜ್ಜಿ ಜಾಡಿಯಿಂದ ಒಂದು ಚಮಚ ಅಕ್ಕಿ ಎತ್ತಿ, ಸರಕ್ಕನೆ ಅನ್ನದ ಪಾತ್ರೆಗೆ ವಾಪಸು ಸುರಿದಳು. ದಾಲ್ಲೆಯ ಕಣ್ಣು ತುಂಬಿತು.

"ಅಳೋದ್ಯಾಕೆ? ಜಾಡೀಲಿಟ್ರೆ ಅವಳ ಹೊಟ್ಟೆ ತುಂಬತ್ತಾ? ಎಲ್ಲಾ ಒಂದೇ, ಎಲ್ಲಾ ಹನುಲ್ ಅಂತ ಬಾಯ್ತುಂಬಾ ಹೇಳ್ಕೊಂಡು ಮೂರು ವರ್ಷ ಕಳೆದೆ. ಆದ್ರೂ ನನ್ನ ಲೆಕ್ಕ ನಾಲ್ಕು ದಾಟ್ಲಿಲ್ಲ, ದಡ್ಡ ಮುದುಕಿ. ಇನ್ನೊಂದು ಹಿಡಿ ಹಾಕು. ತಳ ಸ್ವಲ್ಪ ಸೀಯ್ಲಿ, ಅವಳಿಗೆ ಸೀಕಲು ಅಂದ್ರೆ ಪ್ರಾಣ."

೬

ಮುಕ್ತಾಯ ಅ: ಚಿಕ್ಕಜ್ಜಿ ಬರುತ್ತಾಳೆ, ಅಕ್ಕತಂಗಿಯರು ಅಪ್ಪಿಕೊಳ್ಳುತ್ತಾರೆ. ("ನಾವು ಅಪ್ಕೊಳ್ಳೋ ಜನಾನಾ? ಸೊಂಟ ಹಿಡ್ಕೊಂಡ್ರೆ ಯಾರು ಬಿಡ್ಸೋರು?" ಎಂದಳು ಅಜ್ಜಿ.)

ಮುಕ್ತಾಯ ಆ: ಬಂದು, ಉಂಡು, ಬಟ್ಟಲು ತೊಳೆದು, ನೀರನ್ನು ಮತ್ತೆ ಎರಚುತ್ತಾಳೆ. ನನಗೆ ಇದೇ ಇಷ್ಟ. ಯಾರೂ ಒಪ್ಪಲಿಲ್ಲ.

ಕಥೆ ಮುಗಿಸುವ ಪಾಠ ಬರುವ ಮೊದಲೇ ನಾನು ಶಾಲೆ ಬಿಟ್ಟೆ. ಹಾಗಾಗಿ ಈಗ ನಡೆಯುತ್ತಿರುವುದನ್ನಷ್ಟೇ ಬರೆಯುತ್ತೇನೆ.

ಮಧ್ಯಾಹ್ನ. ಗಿಡ್ಡ ಮೇಜಿನ ಮೇಲೆ ಐದು ಬಟ್ಟಲುಗಳಲ್ಲಿ ಹಬೆಯಾಡುತ್ತಿದೆ. ಅಪ್ಪ ಅಮ್ಮ ಕೂತಾಗಿದೆ. ಅಪ್ಪನ ಕೈ ಆಗಲೇ ಕಿಮ್ಚಿ ಉಪ್ಪಿನಕಾಯಿಯ ಹತ್ತಿರ ಹೋಗಿದೆ. ದಾಲ್ಲೆ ಗೋಡೆಯ ಬಳಿ ನಿಂತು ಕರೆಯುತ್ತಾಳೆ. ಅವಳ ದನಿ ಗೋಡೆ ದಾಟಿತೋ ಇಲ್ಲವೋ. ನನ್ನ ಪೆನ್ನಿಗೂ ಇರುವುದು ಅಷ್ಟೇ ದನಿ.

ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ನೀರಿನ ಸದ್ದು. ಎರಚಿದ್ದಲ್ಲ. ಯಾರೋ ನೋಯುವ ಸೊಂಟವನ್ನು ಬಗ್ಗಿಸಿ, ನೆಲಕ್ಕೆ ತೀರಾ ಹತ್ತಿರದಿಂದ, ಮೆಲ್ಲಗೆ, ಕೊನೆಯ ಹನಿಯವರೆಗೂ ಸುರಿದದ್ದು.

ಅಜ್ಜಿಯ ಮುಖವೆಲ್ಲ ಅರಳಿತು. ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕಿಳಿದು, ದಾಲ್ಲೆಯನ್ನು ಪಕ್ಕಕ್ಕೆ ಸರಿಸಿ, ಗೋಡೆಯ ಮೇಲೆ ಎರಡೂ ಕೈ ಊರಿದಳು.

(ಮುಂದೇನು ಎಂದು ನನ್ನನ್ನು ಕೇಳಬೇಡಿ. ಈ ಮನೆಯ ಬಾಗಿಲು ತೆರೆದಿದೆ. ನನಗೆ ಗೊತ್ತಿರುವುದು ಅಷ್ಟೇ.)

"ಮಾಲ್ಬುನ್, ಅನ್ನ ಆರ್ತಾ ಇದೆ. ಬಾರೇ."