ಅರ್ಧಕ್ಕೆ ನಿಂತ ಕೆಲಸದ ಟಿಪ್ಪಣಿ

ಬೆಳಿಗ್ಗೆ ಹನ್ನೊಂದು ಗಂಟೆ ಒಂಬತ್ತು ನಿಮಿಷಕ್ಕೆ ಆಸ್ಪತ್ರೆಯ ಲ್ಯಾಬ್ ಸರ್ವರ್ ಮಲಗಿತು. ಆರು ನಿಮಿಷ ಯಾವ ರಿಪೋರ್ಟೂ ಆಪರೇಷನ್ ಕೋಣೆಗೆ ಹೋಗಲಿಲ್ಲ. ಒಳಗೆ ಹೆಂಗಸೊಬ್ಬಳಿಗೆ ರಕ್ತ ಹರಿದುಹೋಗುತ್ತಿತ್ತು. ನರ್ಸ್ ಮೂರು ಮಹಡಿ ಇಳಿದು ಲ್ಯಾಬಿಗೆ ಓಡಿದಳು. ಹೆಂಗಸು ಬದುಕಿದಳು. ಆದರೆ ಯಾರದಾದರೂ ಕೆಲಸ ಹೋಗುವುದು ಖಾತ್ರಿಯಾಗಿತ್ತು.

ಹನ್ನೆರಡಕ್ಕೆ ಮ್ಯಾನೇಜರ್ ತನ್ನ ಕೋಣೆಗೆ, ಸರ್ವರ್ ನೋಡಿಕೊಳ್ಳುವ ನನ್ನನ್ನೂ ಎಲೆಕ್ಟ್ರಿಷಿಯನ್ನನ್ನೂ ಕರೆಸಿದ. ಎಲೆಕ್ಟ್ರಿಷಿಯನ್ ನನ್ನ ಹೆಂಡತಿಯ ಅಣ್ಣ. ಗೋಡೆಯ ಪರದೆಯಲ್ಲಿ ಸರ್ವರ್ ಹೇಗೆ ನಡೆಯುತ್ತಿದೆ ಎಂದು ತೋರಿಸುವ ಗೆರೆ ಓಡುತ್ತಿತ್ತು. ಯಾರು ಏನು ಮುಟ್ಟಿದರೂ ಆ ಗೆರೆಯ ಮೇಲೆ ಟಿಪ್ಪಣಿ ಹಾಕಬೇಕೆಂಬ ನಿಯಮವಿತ್ತು. ಒಬ್ಬನೂ ಹಾಕುತ್ತಿರಲಿಲ್ಲ. ಕಿರುಚಿ ಗಂಟಲು ಕಟ್ಟಿ, ಹೋದ ತಿಂಗಳು ನಾನೇ ಪ್ರೋಗ್ರಾಂ ಬರೆದೆ. ಈಗ ಹೆಸರು, ಹೊತ್ತು ಸಮೇತ ಟಿಪ್ಪಣಿ ತಾನಾಗಿಯೇ ಬೀಳುತ್ತದೆ.

ಅಂದು ಬಿದ್ದದ್ದು ಎರಡೇ. 11:07ಕ್ಕೆ, ಕರೆಂಟು ಹೋದರೆ ಸರ್ವರ್ ನಡೆಸುವ ಬ್ಯಾಟರಿಯ ಪರೀಕ್ಷೆ, ಎಲೆಕ್ಟ್ರಿಷಿಯನ್. 11:15ಕ್ಕೆ ಹೊಸ ಸಾಫ್ಟ್‌ವೇರ್, ನಾನು. ನಡುವೆ ಗೆರೆ ನೆಲ ಕಚ್ಚಿತ್ತು.

"ಇನ್ನೇನ್ ಬೇಕು? ಬ್ಯಾಟರಿ ಮುಟ್ಟಿದ, ಎರಡೇ ನಿಮಿಷಕ್ಕೆ ಬಿತ್ತು," ಅಂದ ಮ್ಯಾನೇಜರ್, ಭಾವನತ್ತ ಬೆರಳು ತೋರಿ. "ಸಂಜೆಯೊಳಗೆ ಪತ್ರ ಕೈಗೆ ಬರತ್ತೆ. ನಾಳೆಯಿಂದ ಬರಬೇಡ."

"ಸರ್, ಬ್ಯಾಟರಿ ಸರಿಯಾಗೇ ಇತ್ತು. ದೀಪ ಕೂಡ ಮಿಣುಕಲಿಲ್ಲ," ಅಂದರು ಭಾವ.

"ಗೆರೆ ಸುಳ್ಳು ಹೇಳತ್ತಾ ಭಾವ?" ನಾನು ರೇಗಿದೆ. "ತಪ್ಪು ಒಪ್ಕೊಳ್ಳಿ, ಸುಮ್ನೆ ವಾದ ಯಾಕೆ?"

ಭಾವ ನನ್ನ ಕಡೆ ತಿರುಗಿದರು. "ಏನಯ್ಯಾ, ನಾನು ಬ್ಯಾಟರಿ ರೂಮಿಗೆ ಹೋಗೋವಾಗ್ಲೇ ನೀನು ಕೀಲಿಮಣೆ ಕುಟ್ತಾ ಇದ್ದೆ. ನಿನ್ನ ಟಿಪ್ಪಣಿ ಹನ್ನೊಂದು ಹದಿನೈದಕ್ಕೆ ಹೇಗೆ ಬಿತ್ತು?"

"ಅದು ಎರಡನೇ ಸಲದ್ದು! ಮೊದಲ್ನೇ ಸಲ ನಿಮ್ಮ ಬ್ಯಾಟರಿಯಿಂದಾನೇ ಅರ್ಧಕ್ಕೆ ನಿಂತಿದ್ದು!"

ಬಾಗಿಲು ದಡಾರನೆ ಎಳೆದುಕೊಂಡು ನನ್ನ ಮೇಜಿಗೆ ಬಂದೆ. ಭಾವನ ಬಾಯಿ ಮುಚ್ಚಿಸಲೇಬೇಕೆಂದು ಸರ್ವರ್‌ನ ಒಳದಾಖಲೆ ತೆರೆದೆ. ಮೊದಲ ಸಲ ನಾನು ಶುರು ಮಾಡಿದ್ದು 11:05ಕ್ಕೆ. 11:06ಕ್ಕೆ ಅದರಿಂದ ಸರ್ವರ್‌ನ ಮೆಮೊರಿ ತುಂಬತೊಡಗಿತ್ತು. ಆಗಿನ್ನೂ ಭಾವ ಬ್ಯಾಟರಿಗೆ ಕೈ ಹಚ್ಚಿರಲಿಲ್ಲ. 11:09ಕ್ಕೆ ಸರ್ವರ್ ಉಸಿರುಗಟ್ಟಿತ್ತು. ಕರೆಂಟು ಒಂದು ಕ್ಷಣವೂ ಹೋಗಿರಲಿಲ್ಲ.

ನನ್ನ ಪ್ರೋಗ್ರಾಂ ತೆರೆದೆ. ನನ್ನ ಕೆಲಸಕ್ಕೆ ಟಿಪ್ಪಣಿ ಹಾಕುವ ಸಾಲು ಕಟ್ಟಕಡೆಯಲ್ಲಿತ್ತು. ಕೆಲಸ ಪೂರಾ ಆದರೆ ಮಾತ್ರ ಟಿಪ್ಪಣಿ. ಹಾಗೆ ಇಟ್ಟವನು ನಾನೇ. ಕೆಟ್ಟ ಕೆಲಸದ ಪಕ್ಕ ನನ್ನ ಹೆಸರು ಎಲ್ಲರ ಕಣ್ಣಿಗೆ ಬೀಳುವುದು ನನಗೆ ಬೇಡವಾಗಿತ್ತು. ಬೇರೆಯವರ ಕೆಲಸಕ್ಕೆ ಮಾತ್ರ ಟಿಪ್ಪಣಿ ಶುರುವಿನಲ್ಲೇ ಬೀಳುತ್ತಿತ್ತು.

ನಾನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ದಾಖಲೆ ಓದಬಲ್ಲವನು ಅಲ್ಲಿ ನಾನೊಬ್ಬನೇ.

ವಾಪಸ್ ಹೋದಾಗ ಪತ್ರ ಪ್ರಿಂಟರಿನಿಂದ ಹೊರಬರುತ್ತಿತ್ತು. ಭಾವ ಸೊಂಟದ ಬೀಗದಕೈ ಗೊಂಚಲು ಬಿಚ್ಚುತ್ತಿದ್ದರು.

"ಸರ್, ಸರ್ವರ್ ಬೀಳಿಸಿದ್ದು ನಾನು."

ಮ್ಯಾನೇಜರ್ ತಲೆ ಎತ್ತಿದ. "ಭಾವನ್ನ ಉಳಿಸೋಕೆ ನಾಟಕನಾ?"

"ನನ್ನ ಮುಖ ನೋಡಿದ್ರೆ ಹಾಗನ್ಸತ್ತಾ?" ಕೂಗಿಯೇ ಬಿಟ್ಟೆ. ಪರದೆಯ ಗೆರೆಯ ಮೇಲೆ ಕೈಯಾರೆ ಟಿಪ್ಪಣಿ ಹಾಕಿದೆ: 11:05, ಹೊಸ ಸಾಫ್ಟ್‌ವೇರ್, ಕೆಟ್ಟಿತು. ಮುಂದೆ ನನ್ನ ಹೆಸರು.

ಮ್ಯಾನೇಜರ್ ಪತ್ರ ಹರಿದ. "ನಿನ್ನ ವಿಚಾರ ನಾಳೆ ಆಡಳಿತ ಮಂಡಳಿ ಮುಂದೆ. ಈಗ ಹೊರಡು."

ಹೊರಗೆ ಕಾರಿಡಾರಿನಲ್ಲಿ ಭಾವ ಬೀಗದಕೈ ಗೊಂಚಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಅಂದರು: "ತಂಗಿಗೆ ನೀನೇ ಫೋನ್ ಮಾಡಿ ಹೇಳು. ನಾನು ಹೇಳಿದ್ರೆ ಚಾಡಿ ಅಂತಾಳೆ."