ಡಾಕ್ಟ್ರ ಪಾತ್ರ ಆದ್ರೆ ಮಾಡ್ತೆ

ನಮ್ಮ ಮನೆಯವರ ಗಂಟಲು ಭಟ್ಕಳದಿಂದ ಕುಮಟೆಯ ತನಕ ಎಲ್ಲರಿಗೂ ಪರಿಚಯ, ಮುಖ ಮಾತ್ರ ಯಾರಿಗೂ ನೆನಪಿರುವುದಿಲ್ಲ. ಹೆಸರು ಉದಯ. ಆಟೋದ ತಲೆಯ ಮೇಲೆ ಮೈಕು ಕಟ್ಟಿಕೊಂಡು ವಾಲಿಬಾಲ್ ಪಂದ್ಯಾಟ, ಕರೆಂಟು ತೆಗೆಯುವ ದಿನ, ಸೀರೆ ಮೇಳ, ರಕ್ತದಾನ ಶಿಬಿರ ಎಲ್ಲವನ್ನೂ ಊರೂರಿಗೆ ಸಾರುವವರು ಇವರೇ. ಮನೆಯಲ್ಲಿ ಒಂದು ಲೋಟ ನೀರು ಕೇಳುವಾಗಲೂ "ಆತ್ಮೀಯ ಬಂಧುಗಳೇ" ಎಂದು ಶುರುಮಾಡುವ ಧಾಟಿ. ನಾನೊಬ್ಬಳೇ ಇರುತ್ತೇನೆ, ಬಂಧುಗಳು ಎಲ್ಲಿಂದ ಬಂದರು ಎಂದು ಕೇಳಿ ಕೇಳಿ ಬಿಟ್ಟುಬಿಟ್ಟಿದ್ದೇನೆ.

ಅಂಥವರಿಗೆ ಬಿಕ್ಕಳಿಕೆ ಹಿಡಿಯಿತು.

ಹಿಡಿದದ್ದು ನನ್ನ ಅತ್ತೆ ಲಕ್ಕಿಯ ಕಾರ್ಯದ ಊಟದ ದಿನ. ಅತ್ತೆ ಎದೆನೋವು ಬಂದು ತೀರಿಕೊಂಡಾಗ ನಾನು ಭಟ್ಕಳದಲ್ಲಿ ತವರಿನ ಮದುವೆಗೆ ಹೋಗಿದ್ದೆ. ಇವರು ಕುಮಟೆಯ ಬೀದಿಗಳಲ್ಲಿ ಉಚಿತ ಹೃದಯ ತಪಾಸಣಾ ಶಿಬಿರ ಸಾರುತ್ತಿದ್ದರು. ಮಂಕಿ ಊರಿನ ನಮ್ಮ ಮನೆಯಲ್ಲಿ ಅತ್ತೆ, ಅಂದರೆ ಇವರ ಆಯಿ, ಒಬ್ಬರೇ. ಮಗನಿಗೆ ಫೋನು ಮಾಡಿದ್ದರು. ಮೈಕಿನ ಗಲಾಟೆಯಲ್ಲಿ ಕೇಳಿಸಲಿಲ್ಲವಂತೆ. ಬಂದವರಿಗೆಲ್ಲ ಇವರು ಅದನ್ನೇ ಹೇಳಿದರು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಶಾಮಿಯಾನ, ಕುರ್ಚಿ, ಅಡುಗೆಯವರು ಎಂದು ಓಡಾಡಿದ್ದೇ ಓಡಾಡಿದ್ದು. ಕಡೆಗೆ ಎಲೆಯ ಮುಂದೆ ಕೂತಾಗ ಒಂದು ಬಿಕ್ಕಳಿಕೆ ಬಂತು. ಪಾಯಸ ಸಿಕ್ಕಿಕೊಂಡಿತು ಅಂದುಕೊಂಡೆವು. ಪಾಯಸ ಇಳಿಯಿತು, ಬಿಕ್ಕಳಿಕೆ ಇಳಿಯಲಿಲ್ಲ.

"ಯಾರೋ ನೆನೆಸ್ತಾ ಇದ್ರು. ಹೆಸ್ರು ಹೇಳು, ಸರಿಯಾದ ಹೆಸ್ರು ಬಂದ್ರೆ ನಿಲ್ತದೆ" ಎಂದಳು ಪಕ್ಕದ ಮನೆಯ ತಿಮ್ಮಿ. ನಾವು ಬದುಕಿದ್ದ ಸಂಬಂಧಿಕರ ಹೆಸರನ್ನೆಲ್ಲ ಒಂದೊಂದಾಗಿ ಹೇಳಿದೆವು. ಮುಗಿದ ಮೇಲೆ ಶಾಲೆಯ ಮಾಸ್ತರರು, ಆಟೋ ಸ್ಟ್ಯಾಂಡಿನವರು, ಕೊನೆಗೆ ಮಾರಿಬಿಟ್ಟ ಎಮ್ಮೆ. ಎಮ್ಮೆಯ ಹೆಸರಿಗೆ ಒಂದು ಗಳಿಗೆ ನಿಂತಂತಾಗಿ ಎಲ್ಲರೂ ಖುಷಿಪಟ್ಟೆವು, ಮತ್ತೆ ಶುರುವಾಯಿತು. ತಿಮ್ಮಿ ಸಕ್ಕರೆ ತಿನ್ನಿಸಿದಳು. ಹೆದರಿಸಿದರೆ ಹೋಗುತ್ತದೆ ಎಂದು "ನಿಮ್ಮ ಆಟೋ ಹೊಳೆಗೆ ಬಿತ್ತು" ಎಂದು ಕೂಗಿದಳು. ಇವರು ಹೊಳೆಯ ತನಕ ಓಡಿಹೋಗಿ, ಬಿಕ್ಕಳಿಸುತ್ತಲೇ ವಾಪಸು ಬಂದರು.

ಆಮೇಲೆ ಆಸ್ಪತ್ರೆಗಳ ಯಾತ್ರೆ. ಎಕ್ಸ್‌ರೇ ನಾರ್ಮಲ್. ಸ್ಕ್ಯಾನಿಂಗ್ ನಾರ್ಮಲ್. ಬಾಯಿಯಿಂದ ಕ್ಯಾಮೆರಾ ಇಳಿಸಿ ಹೊಟ್ಟೆಯೊಳಗೆಲ್ಲ ನೋಡಿದರು, ಅದೂ ನಾರ್ಮಲ್. ಮನುಷ್ಯ ಒಂದು ತುತ್ತು ನೆಟ್ಟಗೆ ಉಣ್ಣಲಾರ, ನಿದ್ದೆಯಲ್ಲೂ ಮೈ ಎಗರುತ್ತದೆ, ಪ್ಯಾಂಟು ಸೊಂಟದಲ್ಲಿ ನಿಲ್ಲುವುದಿಲ್ಲ, ಆದರೂ ನಾರ್ಮಲ್ ಅಂತೆ! ನನಗೆ ಮೈಯೆಲ್ಲ ಉರಿಯಿತು. ಕೊನೆಗೆ ದೂರದ ದೊಡ್ಡ ಆಸ್ಪತ್ರೆಯ ಸರ್ಜನ್ ಒಬ್ಬರು, ಕುತ್ತಿಗೆಯ ಹತ್ತಿರ ಒಂದು ನರ ಇದೆ, ಆಪರೇಶನ್ ಮಾಡಿ ಅದನ್ನು ಸುಮ್ಮನಾಗಿಸಬಹುದು ಎಂದರು. ಉಸಿರಿನ ಬಲ ಸ್ವಲ್ಪ ಕಡಿಮೆಯಾದೀತು, ಮೊದಲಿನಂತೆ ಕೂಗುವುದು ಕಷ್ಟ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಇವರು ತಲೆಯಾಡಿಸಿ ದಿನ ಗೊತ್ತುಮಾಡಿಕೊಂಡು ಬಂದರು. ಆ ಧ್ವನಿಯನ್ನು ನಾನು ಎಷ್ಟು ಬೈದಿದ್ದೇನೋ ದೇವರಿಗೇ ಗೊತ್ತು. ಅದು ಹೋಗುತ್ತದೆ ಅಂದಾಗ ಮಾತ್ರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಅಷ್ಟರಲ್ಲಿ ಒಂದು ಪ್ರಚಾರದ ಕೆಲಸ ಬಂತು. ಕೊಟ್ಟವರು ಡಾಕ್ಟರ್ ಕಲ್ಪನಾ. ಮನಸ್ಸಿನ ಡಾಕ್ಟರು, ಇನ್ನೂ ಚಿಕ್ಕ ವಯಸ್ಸು, ಸೀರೆಯ ನೆರಿಗೆ ಸದಾ ಒಂದು ಕಡೆ ಎಳೆದುಕೊಂಡಿರುತ್ತದೆ. ಭಟ್ಕಳ, ಹೊನ್ನಾವರ, ಕುಮಟೆ ಮೂರೂ ತಾಲೂಕಿನ ಕಿರಿಯ ಡಾಕ್ಟರುಗಳಿಗೆ, ರೋಗಿಯ ಜೊತೆ ಕೂತು ಮಾತಾಡಿ ಮನಸ್ಸಿನ ಭಾರ ಇಳಿಸುವುದು ಹೇಗೆ ಎಂದು ಹೊನ್ನಾವರದ ಒಂದು ಸಭಾಭವನದಲ್ಲಿ ಪ್ರತಿ ಬುಧವಾರ ತರಬೇತಿ ಕೊಡುತ್ತಿದ್ದರು. ಅಭ್ಯಾಸಕ್ಕೆ ಸುಳ್ಳು ರೋಗಿಗಳು ಬೇಕಾಗಿದ್ದರು. "ಮನಸ್ಸಿಗೆ ಬೇಜಾರಿರುವ ರೋಗಿಯ ಪಾತ್ರ ಮಾಡಲು ಜನ ಬೇಕಾಗಿದ್ದಾರೆ" ಎಂದು ಸಾರಬೇಕು. ಇವರಿಗೆ ಬಾಯಿ ತೆರೆಯಲಾಗದ್ದರಿಂದ ಮೈಕು ಹಿಡಿದವಳು ನಾನು, ಆಟೋ ಬಿಟ್ಟವರು ಇವರು. ನಾನು "ಜನ ಬೇಕು" ಎನ್ನುವುದು, ಹಿಂದೆಯೇ ಇವರದೊಂದು ಹಿಕ್. ಹೊನ್ನಾವರದ ಪಕ್ಕದ ಕಾಸರಕೋಡದ ಮಕ್ಕಳು ಆಟೋದ ಹಿಂದೆ ಹಿಕ್ ಹಿಕ್ ಎನ್ನುತ್ತ ಓಡಿಬಂದವು.

ಹುಚ್ಚರ ಡಾಕ್ಟರು ಎಂದರೆ ನಮ್ಮ ಕಡೆ ಯಾರೂ ಹೊಸಿಲು ತುಳಿಯುವುದಿಲ್ಲ. ಆದರೆ ಪಾತ್ರ ಎಂದರೆ? ಸಭಾಭವನದ ಹೊರಗೆ ಸಾಲು ನಿಂತಿತು. ಹೆಂಗಸರು ಮಲ್ಲಿಗೆ ಮುಡಿದು ಬಂದರು. ತಿಮ್ಮಿ ಮಗನ ಮದುವೆಯ ಸೀರೆ ಉಟ್ಟು ಬಂದು, ನಿದ್ದೆ ಬಾರದ ಮುದುಕಿಯ ಪಾತ್ರ ಎಂದು ಹೇಳಿ ಸೊಸೆಯ ಮೇಲಿನ ಸಿಟ್ಟನ್ನೆಲ್ಲ ಕಾರಿ, ಸಾಕಷ್ಟು ಅತ್ತು, ಮೂಗು ಒರೆಸಿಕೊಂಡು "ಹೆಂಗಾತು ನನ್ ಆಕ್ಟಿಂಗು?" ಎಂದು ಕೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತು ಮನೆಗೆ ಹೋಗಿ ಗೊರಕೆ ಹೊಡೆದು ಮಲಗಿದಳಂತೆ.

ನಾನು ಕಲ್ಪನಾ ಡಾಕ್ಟರನ್ನು ಬದಿಗೆ ಕರೆದು ಇವರ ವಿಷಯ ಹೇಳಿದೆ. ಅವರು ರಿಪೋರ್ಟುಗಳನ್ನೆಲ್ಲ ಒಂದೂ ಬಿಡದೆ ನೋಡಿದರು. "ಆಪರೇಶನ್ ಬೇಡ ಅಂತ ನಾನು ಹೇಳಲ್ಲ. ಅದಕ್ಕೆ ಮೊದಲು ಒಂದು ಸಲ ನನ್ನ ಜೊತೆ ಮಾತಾಡಲಿ" ಎಂದರು.

ಇವರಿಗೆ ಹೇಳಿದ್ದೇ ತಡ, ಪಿತ್ತ ನೆತ್ತಿಗೇರಿತು. "ನಂಗೆಂತ, ಹಿಕ್, ಹುಚ್ಚಾ?"

"ಹುಚ್ಚಲ್ಲ ಮಾರಾಯ್ರೆ. ಬರೀ ಮಾತಾಡೂದು."

"ಜಗತ್ತಿಗೇ ಮಾತಾಡಿ ಬದುಕ್ತವ ನಾನು. ನಂಗೆ ಮಾತಾಡುಕೆ, ಹಿಕ್, ಇವ್ರು ಕಲಿಸ್ತ್ರಾ?"

"ಹಂಗಾದ್ರೆ ತಿಮ್ಮಿ ಹಂಗೆ ಪೇಶಂಟಿನ ಪಾತ್ರ ಮಾಡಿ."

"ಪಾತ್ರಕ್ಕೂ ಆಗೂದಿಲ್ಲ. ಉದಯ ಪೇಶಂಟ್ ಆದ ಅಂತ ಊರೆಲ್ಲ, ಹಿಕ್, ಹೇಳ್ತ್ರು."

ಊರೆಲ್ಲ ಬಿಕ್ಕಳಿಕೆ ಉದಯ ಎಂದೇ ಕರೆಯುತ್ತಿದ್ದದ್ದು ಇವರ ಕಿವಿಗೆ ಬಿದ್ದಿರಲಿಲ್ಲವೇ? ನನ್ನ ಕರ್ಮ. ಆಪರೇಶನ್ನಿನ ಹಿಂದಿನ ಬುಧವಾರವೂ ಪಾತ್ರದ ಜನರನ್ನು ಆಟೋದಲ್ಲಿ ತಂದು ಇಳಿಸಲು ಸಭಾಭವನಕ್ಕೆ ಬಂದವರು ಹಿಂದಿನ ಕುರ್ಚಿಯಲ್ಲಿ ಕೈಕಟ್ಟಿ ಕೂತರು.

ಅವತ್ತು ಅಭ್ಯಾಸಕ್ಕೆ ಕೂತವನು ಡಾಕ್ಟರ್ ಅಕ್ಷಯ. ಘಟ್ಟದ ಮೇಲಿನ ಹುಡುಗ, ಒಳ್ಳೆಯವನೇ, ಆದರೆ ರೋಗಿ ಬಾಯಿ ತೆರೆಯುವ ಮೊದಲೇ ಕೈ ಮಾತ್ರೆ ಬರೆದುಬಿಡುತ್ತದೆ. ಕಲ್ಪನಾ ಡಾಕ್ಟರು ಅವನ ಪೆನ್ನು ಕಿತ್ತುಕೊಂಡರೆ ಬೆರಳಿನಿಂದಲೇ ಮೇಜಿನ ಮೇಲೆ ಬರೆಯುತ್ತಿದ್ದ. ಸುಳ್ಳು ರೋಗಿ ಮೂರು ಮಾತು ಹೇಳಿ ಸುಮ್ಮನಾದರೆ ಇವನಿಗೆ ಗಾಬರಿ. "ಗ್ಯಾಸ್ ಇದೆಯಾ? ಗ್ಯಾಸೇ ಇರಬೇಕು" ಎನ್ನುತ್ತಿದ್ದ.

ಹಿಂದಿನಿಂದ ಇವರು ಗೊಣಗಿದರು: "ಇಂವ ಎಂತ ಡಾಕ್ಟ್ರು! ಕುರ್ಚಿಲಿ ಕೂತ್ರೆ, ಹಿಕ್, ಒಂದು ಗತ್ತು ಬೇಡ್ದಾ?"

ಕಲ್ಪನಾ ಡಾಕ್ಟರು ತಿರುಗಿ ನೋಡಿದರು. "ಉದಯಣ್ಣ, ನೀವು ಮಾಡಿ ತೋರಿಸಿ."

"ಪೇಶಂಟ್ ಆಗೂದಿಲ್ಲ. ಡಾಕ್ಟ್ರ ಪಾತ್ರ ಆದ್ರೆ ಮಾಡ್ತೆ."

"ಆಯ್ತು. ಅಕ್ಷಯ, ನೀವು ಪೇಶಂಟ್. ಕೋಟು ಅವರಿಗೆ ಕೊಡಿ."

ಇವರು ಬಿಳಿ ಕೋಟು ತೊಟ್ಟು, ಸ್ಟೆಥಸ್ಕೋಪನ್ನು ಕುತ್ತಿಗೆಗೆ ಹಾಕಿಕೊಂಡು, ಮೇಜಿನ ಹಿಂದೆ ಕೂತರು. ಶುರುವಿಗೇ "ಆತ್ಮೀಯ ರೋಗಿಗಳೇ" ಎಂದರು. ತಿಮ್ಮಿ ಕಿಸಕ್ಕನೆ ನಕ್ಕಳು. ಅಕ್ಷಯ ಎದುರು ಕೂತು ಪಿಳಿಪಿಳಿ ಕಣ್ಣು ಬಿಟ್ಟ. ಏನು ಕಾಯಿಲೆ ಹೇಳಬೇಕೆಂದು ತೋಚದೆ, ಕಣ್ಣೆದುರು ಕಂಡದ್ದನ್ನೇ ಹೇಳಿದ: "ನನಗೆ ಬಿಕ್ಕಳಿಕೆ ಡಾಕ್ಟ್ರೆ. ಹಿಕ್."

ನಾನು ಕುರ್ಚಿ ಬಿಟ್ಟು ಎದ್ದೇ ಬಿಟ್ಟೆ. ಇವರು ಕೋಟು ಬಿಸಾಕಿ ಹೊರಡುತ್ತಾರೆ ಎಂದೇ ನನ್ನ ಲೆಕ್ಕ. ಇಲ್ಲ. ಇವರ ಮುಖದಲ್ಲಿ ಮೂಡಿದ್ದು ಅವಮಾನವಲ್ಲ, ಅಸಹ್ಯ. ನಮ್ಮ ಕಡೆಯವರು ಏನನ್ನು ಬೇಕಾದರೂ ಸಹಿಸಿಯಾರು, ಕೆಟ್ಟ ಪಾತ್ರ ಮಾತ್ರ ಸಹಿಸಲಾರರು.

"ಅದು ಎಂತ ಬಿಕ್ಕಳಿಕೆನಾ, ಕಪ್ಪೆ ಕೂಗ್ದಾಂಗೆ! ಎದೆಯಿಂದ ಬರ್ಬೇಕು. ಹೀಂಗೆ. ಹಿಕ್."

"ಹಿಕ್" ಎಂದ ಅಕ್ಷಯ.

"ಹಾಂ, ಅಡ್ಡಿಲ್ಲ. ಯಾವಾಗಿಂದ ಶುರು?"

"ನಿನ್ನೆಯಿಂದ."

"ನಿನ್ನೆ ಅಲ್ಲ ಮಾರಾಯ! ಆಯಿ ಕಾರ್ಯದ ಊಟಕ್ಕೆ, ಹಿಕ್, ಕೂತಾಗಿಂದ ಅಂತ ಹೇಳು. ಪಾತ್ರ ಅಂದ್ರೆ ಸರಿ ಇರ್ಬೇಕು."

ಅಕ್ಷಯ ಹಾಗೇ ಹೇಳಿದ. ಆಮೇಲೆ ಒಮ್ಮೆ ಕಲ್ಪನಾ ಡಾಕ್ಟರ ಮುಖ ನೋಡಿದ. ಅವರು ತುಟಿಯ ಮೇಲೆ ಬೆರಳಿಟ್ಟರು. ಅಕ್ಷಯನಿಗೆ ಜೀವನದಲ್ಲಿ ಮೊದಲ ಬಾರಿ ಸುಮ್ಮನೆ ಕೂರುವುದು ಬಂತು ಕಾಣುತ್ತದೆ.

"ಸುಮ್ನೆ ಕೂತ್ರೆ? ಮುಂದೆ, ಹಿಕ್, ಹೇಳು. ಆಯಿ ಹ್ಯಾಂಗೆ ಹೋದ್ಳು ಹೇಳು."

"ಎದೆನೋವು ಬಂತು. ಫೋನ್ ಮಾಡಿದ್ರು. ಮೈಕಿನ ಗಲಾಟೆಗೆ ನನಗೆ ಕೇಳಿಸಲಿಲ್ಲ" ಎಂದ ಅಕ್ಷಯ. ಊರಿಗೆಲ್ಲ ಗೊತ್ತಿದ್ದ ಕಥೆ ಅವನಿಗೂ ಗೊತ್ತಿತ್ತು.

"ತಪ್ಪು" ಎಂದರು ಇವರು.

ಇವರು ಮೇಜಿನ ಮೇಲೆ ಮುಂದಕ್ಕೆ ಬಾಗಿದರು.

"ಕೇಳ್ತು ಅಂತ ಹೇಳು. ಕೇಳ್ತು. ಕಾಣ್ತೂ ಕಾಣ್ತು. ಫೋನಲ್ಲಿ ಆಯಿ ಅಂತ ಬಂತು. ಆಯಿ ದಿನಾ ಅದೇ ಹೊತ್ತಿಗೆ ಮಾಡೂದು, ಬರ್ತಾ ತಾರ್ಲೆ ತಾ, ಬಂಗಡೆ ತಾ ಅಂತ. ಮೀನಿನ ಫೋನು, ಆಮೇಲೆ ಮಾಡ್ವ ಅಂದ್ಕಂಡೆ ಅಂತ ಹೇಳು. ಮತ್ತೆ ಬಂತು. ಆಗ ನಾನು ಮೈಕಲ್ಲಿ ಎದೆನೋವು ಬಂದ್ರೆ ಉದಾಸೀನ ಮಾಡ್ಬೇಡಿ ಅಂತ ಹೇಳ್ತಾ ಇದ್ದೆ. ಹೇಳ್ತಾ ಹೇಳ್ತಾ ಕಟ್ ಮಾಡ್ದೆ. ಹೇಳು. ಎಂತಕೆ ಹೇಳ್ತಿಲ್ಲೆ ನೀನು? ಪಾತ್ರ ಮಾಡುಕೆ ಬಂದವ ಅಲ್ದಾ?"

ಅಕ್ಷಯನ ಕಣ್ಣು ತುಂಬಿತ್ತು. ಅವನು ನಿಧಾನವಾಗಿ, ಒಂದು ಮಾತೂ ತಪ್ಪದೆ ಅದನ್ನೆಲ್ಲ ಹೇಳಿದ. ಹೇಳಿ ಮುಗಿಸಿ, ಯಾರೂ ಹೇಳಿಕೊಡದ ಒಂದು ಮಾತು ಕೇಳಿದ: "ಡಾಕ್ಟ್ರೆ, ನಾನು ಫೋನ್ ಎತ್ತಿದ್ದರೆ ಆಯಿ ಬದುಕುತ್ತಿದ್ದಳಾ?"

ಇವರು ಕೋಟಿನ ಗುಂಡಿ ತಿರುವುತ್ತ ಕೂತರು. ಹತ್ತಿರ ಹೋಗಿ ಇವರ ಕೈ ಹಿಡಿಯಬೇಕು ಅನ್ನಿಸಿತು. ಕಲ್ಪನಾ ಡಾಕ್ಟರು ನನ್ನ ಸೆರಗು ಹಿಡಿದು ಕೂರಿಸಿದರು.

"ಗೊತ್ತಿಲ್ಲ" ಎಂದರು ಇವರು ಕೊನೆಗೆ. "ನಾನು ಡಾಕ್ಟ್ರು, ಆದ್ರೂ ನಂಗೆ ಗೊತ್ತಿಲ್ಲ. ಬದುಕ್ತಿದ್ಳೇನೋ, ಇಲ್ವೇನೋ. ಆದ್ರೆ ತಮ್ಮ, ಆಯಿ ಸಾಯ್ಲಿ ಅಂತ ನೀನು ಕಟ್ ಮಾಡ್ದವ ಅಲ್ಲ. ಮೀನಿಗೆ ಅಂತ ಮಾಡ್ದೆ. ನಾಳೆನೂ ಆಯಿ ಇರ್ತ್ಲು, ನಾಳೆನೂ ಮೀನು ಕೇಳ್ತ್ಲು ಅಂದ್ಕಂಡು ಮಾಡ್ದೆ." ಆಮೇಲೆ ತಡವರಿಸುತ್ತ ಕೇಳಿದರು: "ಆಯಿ ಹೆಸ್ರೆಂತ?"

ಅಕ್ಷಯನಿಗೆ ಅದು ಗೊತ್ತಿರಲಿಲ್ಲ.

"ಲಕ್ಕಿ" ಎಂದರು ಇವರು. "ಲಕ್ಕಿ ಅಂತ ಹೇಳು." ಹೇಳಿದವರೇ ಮೇಜಿನ ಮೇಲೆ ತಲೆಯಿಟ್ಟು, ಬಿಳಿ ಕೋಟು ತೊಟ್ಟುಕೊಂಡೇ, ಗಂಟಲು ಬಿಚ್ಚಿ ಅತ್ತರು. ಮೈಕು ಬೇಕಿರಲಿಲ್ಲ. ರಸ್ತೆಯವರೆಗೂ ಕೇಳಿಸಿತಂತೆ.

ಅಳು ನಿಂತ ಮೇಲೆ ನಾವೆಲ್ಲ ಕಿವಿಗೊಟ್ಟು ಕಾದೆವು. ಬಿಕ್ಕಳಿಕೆ ಬರಲಿಲ್ಲ.

"ನೋಡು, ಹೆಸ್ರು ಸಿಕ್ತು" ಎಂದಳು ತಿಮ್ಮಿ.

ಅಂದೇ ಪೂರಾ ಹೋಯಿತು ಎಂದರೆ ಸುಳ್ಳಾದೀತು. ಸಂಜೆ ಚಾ ಕುಡಿಯುವಾಗ ಮತ್ತೆ ಬಂತು. ಕಲ್ಪನಾ ಡಾಕ್ಟರು, ಹೀಗೆ ಬರುವುದೇ, ಮುಂದಿನ ಬುಧವಾರ ಬನ್ನಿ ಎಂದರು. ಆಪರೇಶನ್ ಮುಂದಕ್ಕೆ ಹಾಕಿದೆವು. ಇವರು ಪ್ರತಿ ಬುಧವಾರ ಹೋದರು, ಆದರೆ ಡಾಕ್ಟರಾಗಿಯೇ! ಕೋಟಿಗೆ ಇಸ್ತ್ರಿ ಹಾಕಿಸಿ ಹೋಗುತ್ತಿದ್ದರು. ಅಕ್ಷಯ ಉದಯನಾಗಿ ಎದುರು ಕೂರುತ್ತಿದ್ದ. ಡಾಕ್ಟರು ರೋಗಿಯಾಗಿ, ರೋಗಿ ಡಾಕ್ಟರಾಗಿ ನಡೆದ ಚಿಕಿತ್ಸೆ ಅದು. ಇವರ ಬಿಕ್ಕಳಿಕೆ ಕಡಿಮೆಯಾಗುತ್ತ ಆಗುತ್ತ ಒಂದು ದಿನ ಇಲ್ಲವಾಯಿತು. ಅಕ್ಷಯನ ಮಾತ್ರೆ ಬರೆಯುವ ಚಟವೂ ಅರ್ಧಕ್ಕೆ ಇಳಿಯಿತು. ಅವನ ಹತ್ತಿರ ಹೋದವರು, ಈ ಡಾಕ್ಟ್ರು ಎಂತ ಹೀಗೆ ಮುಖ ನೋಡ್ತಾ ಕೂರ್ತಾನೆ ಎಂದು ಈಗಲೂ ದೂರುತ್ತಾರೆ. ಆದರೂ ಹೋಗುತ್ತಾರೆ.

ಹೇಗೆ ಗುಣವಾಯಿತು ಎಂದು ಕೇಳಿದವರಿಗೆ ಮಾತಾಡಿ ಗುಣವಾಯಿತು ಎನ್ನಲು ಇವರಿಗೆ ನಾಚಿಕೆ. "ಒಂದು ಇಂಜೆಕ್ಷನ್ ಕೊಟ್ರು, ಭಯಂಕರ ಸ್ಟ್ರಾಂಗು" ಎನ್ನುತ್ತಾರೆ. ಈಗ ಜನ ಆ ಇಂಜೆಕ್ಷನ್ನೇ ಬೇಕು ಎಂದು ಕಲ್ಪನಾ ಡಾಕ್ಟರ ಜೀವ ತಿನ್ನುತ್ತಿದ್ದಾರೆ. ಅವರು ಕೂರಿಸಿ ಮಾತಾಡಿಸುತ್ತಾರೆ. ಹೋಗುವಾಗ ಜನ, ಇಂಜೆಕ್ಷನ್ ಮುಂದಿನ ಸಲ ಅಲ್ದಾ ಎಂದು ಕೇಳಿ ಹೋಗುತ್ತಾರೆ.

ಮೊನ್ನೆ ಇವರು ಮತ್ತೆ ಮೈಕು ಹಿಡಿದರು. ಕಾಸರಕೋಡದಲ್ಲಿ ವಾಲಿಬಾಲ್ ಪಂದ್ಯಾಟದ ಪ್ರಚಾರ. ನಾನು ಮಂಕಿಯ ಮನೆಯಲ್ಲಿ ಮಸಾಲೆ ರುಬ್ಬಿಟ್ಟು, ಇವರಿಗೆ ಫೋನು ಮಾಡಿದೆ. ಹೊತ್ತು ನೋಡಲಿಲ್ಲ. ರಿಂಗಾಗತೊಡಗಿದ ಮೇಲೆ ನೆನಪಾಯಿತು, ಅತ್ತೆ ಮಾಡುತ್ತಿದ್ದ ಹೊತ್ತು ಅದೇ. ಇಡೋಣ ಎನ್ನುವಷ್ಟರಲ್ಲಿ ಇವರು ಎತ್ತಿಬಿಟ್ಟರು.

ಎತ್ತುವ ಅವಸರದಲ್ಲಿ ಮೈಕು ಆರಿಸಲು ಮರೆತಿದ್ದರಂತೆ. ಬಂದರಿನಲ್ಲಿ ಬಲೆ ಸರಿಮಾಡುತ್ತಿದ್ದವರು, ಮೀನು ಒಣಗಿಸುತ್ತಿದ್ದ ಹೆಂಗಸರು, ಬಸ್ಸಿಗೆ ಕಾದವರು, ಎಲ್ಲರೂ ಕೇಳಿದರು. ಆತ್ಮೀಯ ಕ್ರೀಡಾಭಿಮಾನಿಗಳೇ ಎಂಬಲ್ಲಿಗೆ ಮಾತು ನಿಂತು, ಆ ದೊಡ್ಡ ಧ್ವನಿ ಊರ ತುಂಬ ಕೇಳಿತಂತೆ:

"ಹಾಂ, ಹೇಳು. ಎಂತ ಮೀನು ತರ್ಲಿ?"