ಮುಚ್ಚದ ನಾಲ್ಕು ಕಿಟಕಿಗಳು

ಹುಡುಗರ ಆರೈಕೆ ನೋಡಿಕೊಳ್ಳುವ ಮೇಟ್ರನ್ ಆಗಿ ಒಂದು ವಸತಿ ಶಾಲೆಯಲ್ಲಿ ಹನ್ನೊಂದು ಚಳಿಗಾಲ ಕಳೆದಿದ್ದ ಐವಿ ಗಾರ್ಸೈಡ್‌ಗೆ ಇಪ್ಪತ್ತು ಹುಡುಗರ ಹರಿದ ಕಾಲುಚೀಲ ಹೊಲಿಯಲು ಬೇಸರವಿರಲಿಲ್ಲ. ಅವರ ತಲೆಯಲ್ಲಿ ಹೇನು ಹುಡುಕಲೂ ಬೇಸರವಿರಲಿಲ್ಲ. ಅವಳ ತಲೆ ಕೆಡಿಸುತ್ತಿದ್ದದ್ದು ಹುಡುಗರು ಮಲಗುವ ಕೋಣೆಯ ನಾಲ್ಕು ಕಿಟಕಿಗಳು. ಯಾರ್ಕ್‌ಶೈರ್‌ನ ಬೋಳು ಗುಡ್ಡಗಳಿಗೆ ಮುಖ ಮಾಡಿದ್ದ ಆ ಕಿಟಕಿಗಳನ್ನು ಎಂಬತ್ತೇಳು ವರ್ಷಗಳಿಂದ ಯಾರೂ ಮುಚ್ಚಿರಲಿಲ್ಲ. ಜನವರಿಯಲ್ಲೂ ಇಲ್ಲ. ಲೋಟದ ನೀರು ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟುತ್ತಿತ್ತು, ಕಿಟಕಿ ಪಕ್ಕದವನ ಕಂಬಳಿಯ ಮೇಲೆ ಹಿಮ ಬಿದ್ದಿರುತ್ತಿತ್ತು. ಇದಕ್ಕೆ 'ಸ್ಥಾಪಕರ ಗಾಳಿ' ಎಂದು ಹೆಸರು ಬೇರೆ. ಶಾಲೆ ಕಟ್ಟಿದ ಪಾದ್ರಿ, ಹುಡುಗರ ಎದೆ ಗಟ್ಟಿಯಾಗಲೆಂದು ಹಾಕಿಕೊಟ್ಟ ಪದ್ಧತಿಯಂತೆ. ಈ ಗಾಳಿಯಲ್ಲಿ ನಡುಗಿ ಬೆಳೆದವರು ಈಗ ಬೋಳುತಲೆಯ ಅಪ್ಪಂದಿರಾಗಿ ಮಕ್ಕಳನ್ನು ಬಿಡಲು ಬರುತ್ತಿದ್ದರು, ಆ ಕಿಟಕಿಗಳನ್ನು ನೋಡಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮಗನ ಮುಖ ನೋಡಿ ಕಣ್ಣು ಒರೆಸಿಕೊಂಡವರನ್ನು ಮಾತ್ರ ಐವಿ ಕಂಡಿರಲಿಲ್ಲ.

೧೯೫೮ರ ಆ ಚಳಿಗಾಲದಲ್ಲಿ ಟೆನ್ನಂಟ್ ಎಂಬ ಒಂಬತ್ತು ವರ್ಷದ ಸಣಕಲು ಹುಡುಗ ಎರಡನೇ ಸಲ ಎದೆ ಕಟ್ಟಿ ಮಲಗಿದ್ದ. ಊರಿನ ಡಾಕ್ಟರು ಅವನ ಬೆನ್ನಿಗೆ ಕಿವಿಗೊಟ್ಟು ಕೇಳಿ, "ಇನ್ನೊಂದು ಸಲ ಹೀಗಾದ್ರೆ ನ್ಯುಮೋನಿಯಾನೇ ಮೇಟ್ರನ್. ಈ ಹುಡುಗನ ಮೈಲಿ ಅದನ್ನ ತಡಕೊಳ್ಳೋ ಶಕ್ತಿ ಇಲ್ಲ" ಎಂದು ಹೇಳಿ ಹೋಗಿದ್ದರು. ಆದರೆ ಜ್ವರ ಇಳಿದವನು ಕಾಯಿಲೆಯವರ ಕೋಣೆಯಲ್ಲಿ ಒಂದು ದಿನವೂ ಹೆಚ್ಚಿಗೆ ಇರಕೂಡದು. ಅದು ಇನ್ನೊಂದು ಪದ್ಧತಿ. ಟೆನ್ನಂಟ್‌ನ ಜ್ವರ ಬುಧವಾರ ಇಳಿಯಿತು. ಗುರುವಾರ ಸಂಜೆ ಅವನು ಕಿಟಕಿಗಳ ಕೆಳಗೆ ಮಲಗಬೇಕು.

ಗುರುವಾರ ಬೆಳಿಗ್ಗೆ ಬಟ್ಟೆ ಕಪಾಟಿನ ಹಳೇ ಕಾಗದ ಬದಲಿಸುವಾಗ ಐವಿಗೆ ಅಡಿಯಲ್ಲೊಂದು ಪುಸ್ತಕ ಸಿಕ್ಕಿತು. ೧೮೭೧ರ ಮೇಟ್ರನ್ ಬರೆದಿಟ್ಟ ದಿನಚರಿ. ಫೆಬ್ರುವರಿಯ ಒಂದು ಪುಟ ಓದಿ ಅವಳು ಕಪಾಟಿನ ಮುಂದೆ ನೆಲದ ಮೇಲೆಯೇ ಕುಳಿತುಬಿಟ್ಟಳು. ಮಲಗುವ ಕೋಣೆಗೆ ಹೊಸ ಬಣ್ಣ ಹೊಡೆಸಿದೆ, ವಾಸನೆ ಹೋಗಲೆಂದು ಮುಂದಿನ ಆಜ್ಞೆಯವರೆಗೆ ಕಿಟಕಿಗಳನ್ನು ತೆರೆದಿಡಲು ಸ್ಥಾಪಕರು ಹೇಳಿದ್ದಾರೆ, ಎಂದಿತ್ತು. ಹತ್ತು ದಿನ ಬಿಟ್ಟು ಸ್ಥಾಪಕರೇ ತೀರಿಕೊಂಡಿದ್ದರು. ಮುಂದಿನ ಆಜ್ಞೆ ಬರಲೇ ಇಲ್ಲ.

ಅವಳು ಪುಸ್ತಕ ಹಿಡಿದು ನೇರ ಹೆಡ್‌ಮಾಸ್ತರ್ ಪ್ರಿಂಗಲ್ ಅವರ ಕೋಣೆಗೆ ಹೋದಳು. ಬೆಂಕಿಗೂಡಿನ ಮುಂದೆ ಕುಳಿತು ಟೋಸ್ಟಿಗೆ ಮಾರ್ಮಲೇಡ್ ಹಚ್ಚುತ್ತಿದ್ದ ಅವರು ಆ ಪುಟವನ್ನು ಎರಡು ಸಲ ಓದಿದರು.

"ತುಂಬ ಸ್ವಾರಸ್ಯವಾಗಿದೆ ಮೇಟ್ರನ್. ಸ್ಥಾಪಕರ ದಿನದ ಭಾಷಣಕ್ಕೆ ಹೇಳಿ ಮಾಡಿಸಿದ ಹಾಗಿದೆ."

"ಸರ್, ಬಣ್ಣ ಒಣಗಿದೆ."

"ಒಣಗಿರಬೇಕು," ಎಂದು ಅವರು ಒಪ್ಪಿಕೊಂಡರು.

"ಹಾಗಾದ್ರೆ ಕಿಟಕಿ ಮುಚ್ಚೋಕೆ ಹೇಳಿ."

"ನಾನಾ?" ಪ್ರಿಂಗಲ್ ಚಾಕು ಕೆಳಗಿಟ್ಟರು. "ಆಜ್ಞೆ ಕೊಟ್ಟೋರು ಅವರು. ವಾಪಸ್ ತಗೋಬೇಕಾದೋರೂ ಅವರೇ ಅಲ್ವಾ?"

"ಅವರು ಸತ್ತು ಎಂಬತ್ತೇಳು ವರ್ಷ ಆಯ್ತು ಸರ್. ಎದೆಗೆ ಶೀತ ಹತ್ತಿ ಸತ್ತಿದ್ದು. ಅದೂ ಇಲ್ಲೇ ಬರ್ದಿದೆ, ನೋಡಿ."

"ಆ ಭಾಗ ಭಾಷಣಕ್ಕೆ ಬೇಡ," ಎಂದರು ಪ್ರಿಂಗಲ್. ಆಮೇಲೆ ಅವಳ ಮುಖ ನೋಡಿ ಸ್ವಲ್ಪ ಮೆತ್ತಗಾದರು. "ಒಂದು ಮಾತು ಹೇಳ್ತೀನಿ. ಯಾವ ಹುಡುಗನಾದ್ರೂ ಬಾಯಿಬಿಟ್ಟು ಕೇಳ್ಲಿ, ಆ ಕ್ಷಣವೇ ಮುಚ್ಚಿಸ್ತೀನಿ. ಇಷ್ಟು ವರ್ಷದಲ್ಲಿ ಒಬ್ಬನೂ ಕೇಳಿಲ್ಲ."

ಕೇಳಿದವನ ಗತಿ ಏನಾಗುತ್ತದೆಂದು ಆ ಮನುಷ್ಯನಿಗೆ ಗೊತ್ತಿಲ್ಲದೆ ಇರಲಿಲ್ಲ. ಅವರೂ ಹುಡುಗರಾಗಿದ್ದಾಗ ಅಲ್ಲೇ ಮಲಗಿ ಎದ್ದವರು. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಎನ್ನಿಸಿತು ಐವಿಗೆ. ಆದರೂ ಕಾಯಿಲೆಯವರ ಕೋಣೆಗೆ ಹೋಗಿ ಟೆನ್ನಂಟ್‌ನ ಮಂಚದ ತುದಿಯಲ್ಲಿ ಕುಳಿತಳು.

"ಒಂದೇ ಒಂದು ಮಾತು ಕಣೋ. ಚಳಿ ಆಗುತ್ತೆ ಅಂತ ಹೆಡ್‌ಮಾಸ್ತರ ಹತ್ರ ಹೇಳು, ಸಾಕು."

"ಬೇಡ ಮೇಟ್ರನ್."

"ಯಾಕೋ ಬೇಡ?"

"ನಮ್ಮಪ್ಪ ಮೂರನೇ ಕಿಟಕಿ ಕೆಳಗೆ ಮಲಗ್ತಿದ್ರು." ಅವನು ಕೆಮ್ಮಿ, ಕೆಮ್ಮು ನಿಲ್ಲುವವರೆಗೆ ಕಾದು, ಮತ್ತೆ ಹೇಳಿದ. "ನನ್ನ ಮಾತಾಡಿಸೋರೇ ಇಲ್ಲ ಈಗ. ಎರಡು ಸಲ ಕಾಯಿಲೆ ಬಿದ್ನಲ್ಲ, ಹುಡುಗಿ ಅಂತಾರೆ. ಇನ್ನು ಕಿಟಕಿ ಮುಚ್ಚಿಸಿದ್ರೆ ಮುಗೀತು."

ಆ ಸಂಜೆ ಏಳು ಗಂಟೆಗೆ, ಟೆನ್ನಂಟ್ ಆಗಲೇ ಮಲಗಿ, ಉಳಿದ ಹುಡುಗರು ಪೈಜಾಮ ತೊಟ್ಟು ಮಂಚಗಳ ಪಕ್ಕದಲ್ಲಿ ನಿಂತಿದ್ದಾಗ, ಐವಿ ಒಳಗೆ ಬಂದಳು. ಯಾರನ್ನೂ ಕೇಳಲಿಲ್ಲ. ಕುರ್ಚಿ ಹತ್ತಿ, ಮೊದಲ ಕಿಟಕಿಯ ಮೇಲಕ್ಕೂ ಕೆಳಕ್ಕೂ ಜಾರುವ ಗಾಜಿನ ಚೌಕಟ್ಟಿಗೆ ಜೋತುಬಿದ್ದಳು. ತುಕ್ಕು ಹಿಡಿದಿದ್ದ ಅದು ಕಿರುಗುಟ್ಟುತ್ತ ಕೆಳಗಿಳಿದು ಕುಳಿತುಕೊಂಡಿತು. ಎರಡನೆಯದೂ, ನಾಲ್ಕನೆಯದೂ ಇಳಿದವು. ಟೆನ್ನಂಟ್‌ನ ತಲೆಯ ಮೇಲಿದ್ದ ಮೂರನೆಯದನ್ನು ಕೊನೆಗೆ ಮುಚ್ಚಿದಳು. ಗಾಳಿ ನಿಂತಿತು. ಆ ಕೋಣೆಯಲ್ಲಿ ತನ್ನ ಉಸಿರಿನ ಸದ್ದು ಕೇಳಿಸಿದ್ದು ಅವಳಿಗೆ ಅದೇ ಮೊದಲು.

"ಇದು ನನ್ನ ಕೆಲಸ. ಯಾರೂ ಕೇಳಿದ್ದಲ್ಲ," ಎಂದಳು. "ಯಾರಾದ್ರೂ ಮುಟ್ಟಿದ್ರೆ ನೋಡಿ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ ಟೆನ್ನಂಟ್ ಕಡೆ ತಿರುಗಿದರು. ಇದೆಲ್ಲ ಯಾರಿಗೋಸ್ಕರ ಎಂದು ಅಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ.

ಟೆನ್ನಂಟ್ ಕಂಬಳಿ ಸರಿಸಿ ಎದ್ದ. ಬರಿಗಾಲಲ್ಲಿ ಮಂಚದ ಮೇಲೆ ನಿಂತು, ಎರಡೂ ಅಂಗೈ ಕೊಟ್ಟು ಮೂರನೇ ಕಿಟಕಿಯನ್ನು ಮೇಲಕ್ಕೆ ನೂಕಿದ. ಅದು ಅರ್ಧದಲ್ಲಿ ಸಿಕ್ಕಿಕೊಂಡಿತು. ಅವನು ಕೆಮ್ಮಿದ, ಮತ್ತೆ ನೂಕಿದ. ಹಿಮದ ಗಾಳಿ ಅವನ ಅಂಗಿಯ ಕತ್ತಿನೊಳಗೆ ನುಗ್ಗಿತು.

"ಸಾರಿ ಮೇಟ್ರನ್," ಎಂದ.

ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ದೊಡ್ಡ ಹುಡುಗನೊಬ್ಬ ಬಂದು ಅವನ ಬೆನ್ನಿಗೆ ಗುದ್ದಿ, "ಭೇಷ್ ಕಣೋ ಟೆನ್ನಂಟ್" ಎಂದ. ಉಳಿದವರು ಉಳಿದ ಮೂರು ಕಿಟಕಿಗಳ ಕಡೆ ಓಡಿದರು. ಟೆನ್ನಂಟ್ ನಕ್ಕ. ಈ ಶಾಲೆಗೆ ಬಂದ ಮೇಲೆ ಅವನು ಹಾಗೆ ಬಾಯಿತುಂಬ ನಕ್ಕದ್ದನ್ನು ಐವಿ ನೋಡಿರಲಿಲ್ಲ. ಪ್ರಿಂಗಲ್ ಮೇಲೆ ಬಾರದಷ್ಟು ಸಿಟ್ಟು, ಸತ್ತ ಪಾದ್ರಿಯ ಮೇಲೂ ಬಾರದಷ್ಟು ಸಿಟ್ಟು, ಅವಳಿಗೆ ಆ ನಗುವಿನ ಮೇಲೆ ಬಂತು.

ಅವಳು ಮೆಟ್ಟಿಲಿಳಿದು ಬಂದು, ಆ ಸಂಜೆಯಷ್ಟೇ ಮಡಿಸಿಟ್ಟಿದ್ದ ಹಾಸಿಗೆಯನ್ನು ಕಾಯಿಲೆಯವರ ಕೋಣೆಯ ಮಂಚದ ಮೇಲೆ ಅವನಿಗಾಗಿ ಮತ್ತೆ ಹಾಸತೊಡಗಿದಳು.